ತಂಬೂರಿಯೊಳಗಿನ ಟಿಕ್: ಸಾಗರದ ಒಂದು ಹ್ಯಾಕಿಂಟಾಷ್ ಪ್ರಕರಣ

"ತಂಬೂರಿಯಲ್ಲಿ ಏನೋ ಹುಳ ಕೂತಿದೆ ಅಲ್ವಾ?" ಅಂದರು ಹಾಡು ರೆಕಾರ್ಡ್ ಮಾಡಿಸಲು ಬಂದಿದ್ದ ಮೇಷ್ಟ್ರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ನಾನು, ಗೆಳೆಯ ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಮಗೆ ಏನೂ ಕೇಳಿಸಿರಲಿಲ್ಲ. ಅವರು ಹೇಳಿದ ಮೇಲೆ ಇನ್ನೊಮ್ಮೆ ಹಾಕಿ ಕೇಳಿದೆವು. ಶ್ರುತಿಯ ಅಡಿಯಲ್ಲಿ, ತೀರ ಸಣ್ಣದಾಗಿ, ಟಿಕ್. ಸ್ವಲ್ಪ ಬಿಟ್ಟು ಇನ್ನೊಂದು ಟಿಕ್.

ಅದು 2021ರ ಮಾರ್ಚ್. ಸಾಗರದಲ್ಲಿ ಗೆಳೆಯನ ಮನೆಯ ಮೇಲಿನ ಕೋಣೆಯೇ ಅವನ ಸ್ಟುಡಿಯೋ. ಭಾವಗೀತೆ, ದೇವರನಾಮ, ಶಾಲೆಗಳ ನಾಟಕಕ್ಕೆ ಸಂಗೀತ, ಆಗೊಮ್ಮೆ ಈಗೊಮ್ಮೆ ಒಂದು ಕಿರುಚಿತ್ರ. ಇಷ್ಟರಲ್ಲೇ ಅವನ ಜೀವನ. ಅಲ್ಲಿ ಕೂತಿದ್ದ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿದವನು ನಾನು. ಅದರಲ್ಲಿ ಓಡುತ್ತಿದ್ದದ್ದು ಮ್ಯಾಕ್‌ಒಎಸ್. ಆಪಲ್‌ನದಲ್ಲದ ಯಂತ್ರದಲ್ಲಿ ಆಪಲ್‌ನ ಒಎಸ್, ಅಂದರೆ ಹ್ಯಾಕಿಂಟಾಷ್. ಹಾಗಾಗಿ ಟಿಕ್ ಕೇಳಿದ ಕ್ಷಣವೇ ಅಪರಾಧಿ ಯಾರು ಅಂತ ಇಬ್ಬರ ಮನಸ್ಸಲ್ಲೂ ತೀರ್ಮಾನವಾಗಿತ್ತು. ಆ ತೀರ್ಮಾನ ನಮ್ಮ ಎರಡು ವಾರ ತಿಂದಿತು.

ಇಷ್ಟೆಲ್ಲ ಯಾಕೆ ಬೇಕಿತ್ತು

ಗೆಳೆಯನ ಹಳೆಯ ಐಮ್ಯಾಕ್ ಆ ವರ್ಷದ ಜನವರಿಯಲ್ಲಿ ಸತ್ತಿತು. ಅದರೊಳಗೆ ಹನ್ನೊಂದು ವರ್ಷದ ಕೆಲಸ ಲಾಜಿಕ್ ಅನ್ನುವ ಸಂಗೀತದ ಸಾಫ್ಟ್‌ವೇರಿನ ಪ್ರಾಜೆಕ್ಟುಗಳಾಗಿ ಕೂತಿತ್ತು. ಬ್ಯಾಕಪ್ ಇತ್ತು, ಪುಣ್ಯ. ಆದರೆ ತೆರೆಯಲು ಮ್ಯಾಕೇ ಬೇಕು. ಲಾಜಿಕ್ ಹುಟ್ಟಿದ್ದು ಆಪಲ್‌ನಲ್ಲಿ ಅಲ್ಲ, ಎಮ್ಯಾಜಿಕ್ ಅನ್ನುವ ಜರ್ಮನ್ ಕಂಪನಿಯಲ್ಲಿ. ಆಗ ಅದು ವಿಂಡೋಸ್‌ನಲ್ಲೂ ಓಡುತ್ತಿತ್ತು. 2002ರಲ್ಲಿ ಆಪಲ್ ಆ ಕಂಪನಿಯನ್ನು ಕೊಂಡಿತು, ವಿಂಡೋಸ್ ಆವೃತ್ತಿ ನಿಲ್ಲಿಸಿತು. ಅಲ್ಲಿಂದ ಲಾಜಿಕ್ ಬೇಕು ಅಂದರೆ ಮ್ಯಾಕ್ ಬೇಕು. "ಬೇರೆ ಸಾಫ್ಟ್‌ವೇರಿಗೆ ಹೋಗು" ಅಂತ ಹೇಳುವವರು ಬೇಕಾದಷ್ಟು ಜನ. ಹನ್ನೊಂದು ವರ್ಷದ ಪ್ರಾಜೆಕ್ಟ್ ಯಾರೂ ಬದಲಾಯಿಸಿ ಕೊಡುವುದಿಲ್ಲ.

ಆಗ ಅಂಗಡಿಯಲ್ಲಿದ್ದ ಅಗ್ಗದ ಮ್ಯಾಕ್ ಅಂದರೆ ಆಪಲ್‌ನ ಸ್ವಂತ ಎಂ1 ಚಿಪ್ಪಿನ ಮ್ಯಾಕ್ ಮಿನಿ. 2020ರ ನವೆಂಬರಿನಲ್ಲಿ ಬಂದದ್ದು, 64,900 ರೂಪಾಯಿಯಿಂದ ಶುರು. ಚಿಪ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರ‍್ಯಾಮ್ 16 ಜಿಬಿಗಿಂತ ಜಾಸ್ತಿ ಸಿಗುತ್ತಿರಲಿಲ್ಲ, ಆಮೇಲೆ ಸೇರಿಸುವ ದಾರಿಯೂ ಇರಲಿಲ್ಲ. ಗೆಳೆಯನ ಟೆಂಪ್ಲೇಟ್ (ಹೊಸ ಹಾಡಿಗೆ ಮೊದಲೇ ಸಿದ್ಧ ಮಾಡಿಟ್ಟ ಪ್ರಾಜೆಕ್ಟ್) ತೆರೆದರೆ ಸಾಕು, ವಯಲಿನ್ ಗುಂಪು, ಕೊಳಲು, ತಾಳವಾದ್ಯಗಳ ಸ್ಯಾಂಪಲ್ಲುಗಳೇ (ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದುಗಳು) 30 ಜಿಬಿ ನುಂಗುತ್ತಿದ್ದವು. ಅವನ ಅರ್ಧಕ್ಕರ್ಧ ಪ್ಲಗಿನ್‌ಗಳೂ (ಲಾಜಿಕ್ ಒಳಗೆ ಸೇರಿಸುವ ಸಣ್ಣ ಸಾಫ್ಟ್‌ವೇರುಗಳು) ಹೊಸ ಚಿಪ್‌ಗೆ ಇನ್ನೂ ಸಿದ್ಧವಾಗಿರಲಿಲ್ಲ. 27 ಇಂಚಿನ ಇಂಟೆಲ್ ಐಮ್ಯಾಕ್ ತಗೊಂಡರೆ ಎಲ್ಲ ಸರಿಯಾಗುತ್ತಿತ್ತು, ಆದರೆ ಅದು ಒಂದೂವರೆ ಲಕ್ಷ ದಾಟುತ್ತಿತ್ತು. ಲಾಕ್‌ಡೌನ್ ವರ್ಷ ಒಂದೂ ಕಾರ್ಯಕ್ರಮವಿಲ್ಲದೆ ಕಳೆದವನ ಹತ್ತಿರ ಅಷ್ಟು ಎಲ್ಲಿಂದ ಬರಬೇಕು?

"ಒಂದು ಲಕ್ಷದೊಳಗೆ ಮಾಡಿ ಕೊಡು ಮಾರಾಯ" ಅಂದ. ಹೂಂ ಅಂದೆ.

ಅನ್ನುವ ಮೊದಲು ಒಂದು ವಿಷಯ ಬಿಡಿಸಿ ಹೇಳಿದ್ದೆ. ಮ್ಯಾಕ್‌ಒಎಸ್ ಲೈಸೆನ್ಸಿನಲ್ಲಿ ಆಪಲ್ ಹೆಸರಿನ ಯಂತ್ರದಲ್ಲಿ ಮಾತ್ರ ಹಾಕಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಅಮೆರಿಕದ ಫ್ಲಾರಿಡಾದಲ್ಲಿ ಸೈಸ್ಟಾರ್ ಅನ್ನುವ ಕಂಪನಿ ಇಂಥ ಯಂತ್ರಗಳನ್ನೇ ಮಾರಲು ಹೊರಟಿತ್ತು. 2008ರಲ್ಲಿ ಆಪಲ್ ಕೇಸ್ ಹಾಕಿತು, 2009ರಲ್ಲಿ ಗೆದ್ದಿತು. ಮನೆಯಲ್ಲಿ ಒಂದು ಜೋಡಿಸಿಕೊಂಡವರ ಮನೆಗೆ ಯಾರೂ ಬಂದಂತೆ ನಾನು ಕೇಳಿಲ್ಲ. ಹಾಗಂತ ಅದು ಅನುಮತಿ ಆಗುವುದಿಲ್ಲ. ಸ್ಟುಡಿಯೋ ಅಂದರೆ ವ್ಯಾಪಾರ, ನಾಳೆ ಏನಾದರೂ ಆದರೆ ಸಹಾಯಕ್ಕೆ ಯಾರೂ ಇಲ್ಲ, ಗೊತ್ತಿದ್ದೇ ಇಳಿ ಅಂದೆ. ಅವನು ಯೋಚಿಸಿ ಇಳಿದ. ಲಾಜಿಕ್ ಮಾತ್ರ ಅವನದೇ ಖಾತೆಯಲ್ಲಿ ದುಡ್ಡು ಕೊಟ್ಟು ತಗೊಂಡದ್ದು.

ಸಾಮಾನು

ಹ್ಯಾಕಿಂಟಾಷ್‌ನ ಗುಟ್ಟು ಒಂದೇ. ಆಪಲ್ ಯಾವುದೋ ಮ್ಯಾಕಿನಲ್ಲಿ ಬಳಸಿದ ಭಾಗಕ್ಕೆ ಆದಷ್ಟು ಹತ್ತಿರದ್ದನ್ನೇ ಆರಿಸಬೇಕು. 2020ರ 27 ಇಂಚಿನ ಐಮ್ಯಾಕಿನಲ್ಲಿ ಹತ್ತನೇ ತಲೆಮಾರಿನ ಇಂಟೆಲ್ ಇತ್ತು. ನಾವೂ ಅದೇ ತಲೆಮಾರಿನ ಐ7-10700 ತಗೊಂಡೆವು. ಎಂಟು ಕೋರ್, 65 ವ್ಯಾಟ್. ಜೊತೆಗೆ ಝಡ್490 ಚಿಪ್‌ಸೆಟ್ಟಿನ ಬೋರ್ಡ್. ಬೋರ್ಡ್ ಆರಿಸುವಾಗ ನಾನು ನೋಡಿದ್ದು ಬಣ್ಣದ ಲೈಟನ್ನಲ್ಲ, ನೆಟ್‌ವರ್ಕ್ ಚಿಪ್ಪನ್ನು. ಆ ಕಾಲದ ಬಹಳಷ್ಟು ಝಡ್490 ಬೋರ್ಡುಗಳಲ್ಲಿ ಇಂಟೆಲ್‌ನ ಐ225 ಇರುತ್ತಿತ್ತು, ಅದು ಮ್ಯಾಕ್‌ಒಎಸ್‌ನಲ್ಲಿ ಕಿರಿಕಿರಿ. ಹಳೆಯ ಐ219 ಇದ್ದರೆ ಇಂಟೆಲ್‌ಮೌಸಿ ಅನ್ನುವ ಸಣ್ಣ ಡ್ರೈವರ್ ಹಾಕಿದರೆ ಕೆಲಸ ಮುಗಿಯಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಂಥ ಬೋರ್ಡಿಗಾಗಿ ಆರು ಅಂಗಡಿ ಹತ್ತಿಳಿದೆ. "ಸರ್, ಹೊಸದು ಬಿಟ್ಟು ಹಳೇದು ಯಾಕೆ ಕೇಳ್ತೀರಾ?" ಅಂತ ಪ್ರತಿ ಅಂಗಡಿಯಲ್ಲೂ ಕೇಳಿಸಿಕೊಂಡೆ.

64 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಒಳ್ಳೆಯ ಪವರ್ ಸಪ್ಲೈ, ನಿಧಾನಕ್ಕೆ ತಿರುಗುವ ದೊಡ್ಡ ಫ್ಯಾನಿನ ಕೂಲರ್. ಎಲ್ಲ ಸೇರಿ 95 ಸಾವಿರದ ಆಸುಪಾಸು.

ಗ್ರಾಫಿಕ್ಸ್ ಕಾರ್ಡ್ ಹಾಕಲಿಲ್ಲ. ಇದು ಆಡಿಯೋದವರಿಗೆ ಮಾತ್ರ ಸಿಗುವ ಲಾಭ. ಎನ್‌ವಿಡಿಯಾದ ಹೊಸ ಕಾರ್ಡುಗಳು ಮ್ಯಾಕ್‌ಒಎಸ್‌ನ ಮೊಜಾವೆ ಆವೃತ್ತಿಯಿಂದಲೇ ಓಡುವುದಿಲ್ಲ, ಎಎಂಡಿ ಕಾರ್ಡ್ ಬೇಕು. 2021ರಲ್ಲಿ ಅವುಗಳ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಹಾಡು ಮಿಕ್ಸ್ ಮಾಡಲು ಅದರ ಅಗತ್ಯವೇ ಇಲ್ಲ. ಪ್ರೊಸೆಸರಿನೊಳಗೇ ಇರುವ ಯುಎಚ್‌ಡಿ 630 ಸಾಕು. ಅದಕ್ಕೆ ಬೇರೆ ಫ್ಯಾನ್ ಇಲ್ಲ. ಮೈಕೂ ಕಂಪ್ಯೂಟರೂ ಒಂದೇ ಕೋಣೆಯಲ್ಲಿ ಇರುವ ಸ್ಟುಡಿಯೋದಲ್ಲಿ ಒಂದು ಫ್ಯಾನ್ ಕಡಿಮೆಯಾದರೆ ಅದೇ ಬಂಪರ್. ವೈಫೈ, ಬ್ಲೂಟೂತ್ ಕೂಡ ಬೇಡ ಅಂದೆ. ತಂಡರ್‌ಬೋಲ್ಟ್ ಅನ್ನುವ ವೇಗದ ಕೇಬಲ್ಲಿನ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ) ಕೊಳ್ಳುವ ಆಸೆ ಅವನಿಗಿತ್ತು, ಅದನ್ನೂ ಬೇಡ ಅಂದೆ. ಇದ್ದ ಯುಎಸ್‌ಬಿ ಇಂಟರ್‌ಫೇಸೇ ಇರಲಿ. ಹ್ಯಾಕಿಂಟಾಷ್‌ನಲ್ಲಿ ಇಲ್ಲದ ಭಾಗ ಕೈ ಕೊಡುವುದಿಲ್ಲ.

ಮೊದಲ ರಾತ್ರಿ

ಬೂಟ್ ಮಾಡಲು ಓಪನ್‌ಕೋರ್. ಹಿಂದೆ ಕ್ಲೋವರ್ ಇತ್ತು, ಅಷ್ಟರಲ್ಲಿ ಎಲ್ಲರೂ ಓಪನ್‌ಕೋರ್‌ಗೆ ಬಂದಿದ್ದರು. ಇದು ಮ್ಯಾಕ್‌ಒಎಸ್ ಫೈಲುಗಳನ್ನು ಮುಟ್ಟುವುದಿಲ್ಲ. ಡಿಸ್ಕಿನ ಇಎಫ್‌ಐ ಭಾಗದಲ್ಲಿ ಕೂತು, ಒಎಸ್ ಏಳುವ ಮೊದಲು ಅದರ ಕಿವಿಯಲ್ಲಿ "ನೀನು ಐಮ್ಯಾಕ್ ಮೇಲೆ ಇದ್ದೀಯ" ಅಂತ ಹೇಳುತ್ತದೆ. ನಮ್ಮದು ಐಮ್ಯಾಕ್20,1 ಅಂತ ಹೇಳಿತು. ಅದರ ಜೊತೆ ಲಿಲು, ವರ್ಚುವಲ್ಎಸ್‌ಎಂಸಿ, ವಾಟ್‌ಎವರ್‌ಗ್ರೀನ್ ಅನ್ನುವ ಕೆಕ್ಸ್ಟುಗಳು, ಅಂದರೆ ಮ್ಯಾಕ್‌ಒಎಸ್‌ಗೆ ಸೇರಿಸುವ ಡ್ರೈವರಿನಂಥ ತುಣುಕುಗಳು. ಒಎಸ್ ಕ್ಯಾಟಲಿನಾ. ಬಿಗ್ ಸರ್ ಆಗಲೇ ಬಂದಿತ್ತು, ಆದರೆ ಹೊಸ ಮ್ಯಾಕ್‌ಒಎಸ್ ಬಂದ ಆರು ತಿಂಗಳು ಸ್ಟುಡಿಯೋದವರು ಅತ್ತ ತಲೆ ಹಾಕಬಾರದು. ಅಸಲಿ ಮ್ಯಾಕ್ ಇದ್ದರೂ ಅಷ್ಟೇ.

ಬಯಾಸಿನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಸೆಕ್ಯೂರ್ ಬೂಟ್, ಸಿಎಸ್‌ಎಂ, ವಿಟಿ-ಡಿ, ಸಿಎಫ್‌ಜಿ ಲಾಕ್ ಎಲ್ಲ ಆಫ್. ರಾತ್ರಿ ಒಂಬತ್ತಕ್ಕೆ ಪೆನ್‌ಡ್ರೈವ್ ಚುಚ್ಚಿದೆವು. ಬಿಳಿ ಅಕ್ಷರಗಳ ಸಾಲು ಸರಸರ ಹರಿಯಿತು, ಆಮೇಲೆ ಪರದೆ ಕಪ್ಪು. ಹತ್ತು ನಿಮಿಷ ಕಾದೆವು. ಮತ್ತೆ ಮಾಡಿದೆವು, ಮತ್ತೆ ಕಪ್ಪು. ಅತ್ತಿಗೆ ಎರಡು ಸಲ ಊಟಕ್ಕೆ ಕರೆದು ಸುಮ್ಮನಾದರು. ಹನ್ನೊಂದೂವರೆಗೆ ನನಗೆ ಹೊಳೆಯಿತು. ಎಚ್‌ಡಿಎಂಐ ಕೇಬಲ್ ಕಿತ್ತು ಡಿಸ್‌ಪ್ಲೇಪೋರ್ಟಿಗೆ ಹಾಕಿದೆ. ಭಾಷೆ ಆರಿಸಿ ಅನ್ನುವ ಪರದೆ ಅಲ್ಲೇ ಕೂತಿತ್ತು, ಬಹುಶಃ ಒಂಬತ್ತೂವರೆಯಿಂದ. ಯುಎಚ್‌ಡಿ 630ರಲ್ಲಿ ಇದು ಮಾಮೂಲು. ಮ್ಯಾಕ್‌ಒಎಸ್ ಅಂದುಕೊಂಡ ಪೋರ್ಟುಗಳ ಸಾಲೇ ಬೇರೆ, ಬೋರ್ಡಿನಲ್ಲಿರುವ ಸಾಲೇ ಬೇರೆ. ಕಾನ್ಫಿಗ್ ಫೈಲಿನಲ್ಲಿ ಸಾಲು ಸರಿ ಮಾಡಿದರೆ ಎಚ್‌ಡಿಎಂಐ ಕೂಡ ಬರುತ್ತದೆ.

ಮರುದಿನ ಲಾಜಿಕ್ ಹಾಕಿ ಟೆಂಪ್ಲೇಟ್ ತೆರೆದ. ಹಳೆ ಐಮ್ಯಾಕಿನಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಸದ್ದಿನ ತುಂಡು) 1024 ಇಟ್ಟರೂ ಏದುಸಿರು ಬಿಡುತ್ತಿದ್ದ ಪ್ರಾಜೆಕ್ಟ್ ಇಲ್ಲಿ 128ರಲ್ಲಿ ಓಡಿತು. ಇಲ್ಲಿ ಸ್ಯಾಂಪಲ್ ಅಂದರೆ ಸದ್ದಿನ ಒಂದು ಅಳತೆ; 48 ಕಿಲೋಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 48,000 ಸಲ ಅಳೆದರೆ, 1024 ಸ್ಯಾಂಪಲ್ ಅಂದರೆ 21 ಮಿಲಿಸೆಕೆಂಡ್, 128 ಅಂದರೆ ಮೂರಕ್ಕಿಂತ ಕಡಿಮೆ. ಕೀಬೋರ್ಡ್ ನುಡಿಸುವವನ ಬೆರಳಿಗೆ ಈ ವ್ಯತ್ಯಾಸ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಅವನು ಅರ್ಧ ಗಂಟೆ ಸುಮ್ನೆ ನುಡಿಸುತ್ತಾ ಕೂತ. ನಾನು ಬೆಂಗಳೂರಿನ ಬಸ್ ಹತ್ತುವ ಯೋಚನೆಯಲ್ಲಿದ್ದೆ. ಮೇಷ್ಟ್ರು ಬಂದದ್ದು ಅದರ ಮರುದಿನ.

ಹುಳ ಹಿಡಿಯುವ ಕೆಲಸ

ಮೊದಲಿಗೆ ಯಾಕೆ ಯಾರಿಗೂ ಕೇಳಿಸಿರಲಿಲ್ಲ? ಅಲ್ಲಿವರೆಗೆ ನಾವು ಪರೀಕ್ಷೆಗೆ ರೆಕಾರ್ಡ್ ಮಾಡಿದ್ದು ತಬಲಾ, ಗಿಟಾರ್. ಪೆಟ್ಟು ಬೀಳುವ ವಾದ್ಯದಲ್ಲಿ ಇಂಥ ನೂರು ಟಿಕ್ ಅಡಗಿ ಹೋಗುತ್ತವೆ. ತಂಬೂರಿ ಹಾಗಲ್ಲ. ಅದು ನಿಂತ ನೀರು. ಒಂದು ಹನಿ ಬಿದ್ದರೂ ಕಾಣುತ್ತದೆ. ಈಗ ನಾನು ಯಾವ ಸ್ಟುಡಿಯೋಗೆ ಹೋದರೂ ಮೊದಲು ಹತ್ತು ನಿಮಿಷ ತಂಬೂರಿ ರೆಕಾರ್ಡ್ ಮಾಡಿ ನೋಡುತ್ತೇನೆ. ಯಾವ ಬೆಂಚ್‌ಮಾರ್ಕಿಗಿಂತಲೂ ಇದು ಖಡಕ್.

ಮೇಷ್ಟ್ರನ್ನು ಕ್ಷಮೆ ಕೇಳಿ ಕಳಿಸಿದೆವು. ಅವರು ಹೊಸನಗರದ ಹತ್ತಿರದಿಂದ ಬಸ್ಸಿನಲ್ಲಿ ಬಂದವರು. ನನಗೆ ನಾಚಿಕೆಯಾಗಿತ್ತು.

ಮೊದಲ ಅನುಮಾನ ಯುಎಸ್‌ಬಿ. ಅದಕ್ಕೆ ಕಾರಣವೂ ಇತ್ತು. ಮ್ಯಾಕ್‌ಒಎಸ್ ಒಂದು ಕಂಟ್ರೋಲರಿಗೆ 15 ಪೋರ್ಟ್ ಮಾತ್ರ ಒಪ್ಪುತ್ತದೆ. ನಮ್ಮ ಬೋರ್ಡ್ ತೋರಿಸಿದ್ದು 26. ಹೊರಗೆ ಕಾಣುವ ಒಂದು ಯುಎಸ್‌ಬಿ 3 ರಂಧ್ರ ಒಳಗೆ ಎರಡು ಪೋರ್ಟ್ ಅಂತ ಲೆಕ್ಕ, ಹಳೆ ವೇಗಕ್ಕೊಂದು, ಹೊಸ ವೇಗಕ್ಕೊಂದು. ಬೂಟ್ ಮಾಡುವ ಆತುರದಲ್ಲಿ ನಾನು ಈ ಮಿತಿಯನ್ನೇ ಎತ್ತಿಹಾಕುವ ಪ್ಯಾಚ್ ಆನ್ ಮಾಡಿ ಹಾಗೇ ಬಿಟ್ಟಿದ್ದೆ. ಅದು ಇನ್‌ಸ್ಟಾಲ್ ಮಾಡುವಷ್ಟು ಹೊತ್ತು ಮಾತ್ರ ಇರಬೇಕಾದ ಊರುಗೋಲು. ಸರಿ, ಒಂದು ಪೆನ್‌ಡ್ರೈವ್ ಹಿಡಿದು ಒಂದೊಂದೇ ರಂಧ್ರಕ್ಕೆ ಚುಚ್ಚಿ, ಯಾವುದಕ್ಕೆ ಯಾವ ಹೆಸರು ಬರುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಡಬ್ಬಿಯ ಮುಂಭಾಗದ ಎರಡು ರಂಧ್ರ ಕೈಬಿಟ್ಟೆ. ಇಂಟರ್‌ಫೇಸಿಗೆ ಹಿಂದಿನ ಒಂದು ಪೋರ್ಟ್ ಮೀಸಲಿಟ್ಟೆ. ಒಟ್ಟು 13ಕ್ಕೆ ತಂದು ನಿಲ್ಲಿಸಿದೆ.

ಇದರಿಂದ ಒಂದು ಗುಣವಾಯಿತು. ಕಂಪ್ಯೂಟರ್ ನಿದ್ದೆ ಮಾಡಿ ಎದ್ದಾಗ ಇಂಟರ್‌ಫೇಸ್ ಮಾಯವಾಗುತ್ತಿತ್ತು, ಅದು ನಿಂತಿತು. ಟಿಕ್ ನಿಲ್ಲಲಿಲ್ಲ.

ಎರಡನೇ ಅನುಮಾನ ಪ್ರೊಸೆಸರಿನ ವೇಗ. ಎಸ್‌ಎಸ್‌ಡಿಟಿ-ಪ್ಲಗ್ ಅನ್ನುವ ಫೈಲ್ ಸರಿಯಾಗಿ ಕೂರದಿದ್ದರೆ ಮ್ಯಾಕ್‌ಒಎಸ್‌ಗೆ ವೇಗ ಏರಿಸಿ ಇಳಿಸಲು ಬರುವುದಿಲ್ಲ. ವೇಗ ತೋರಿಸುವ ಇಂಟೆಲ್‌ನ ಪವರ್ ಗ್ಯಾಜೆಟ್ ಹಾಕಿ ನೋಡಿದೆ. ಗೆರೆ ಚೆನ್ನಾಗಿಯೇ ಏರಿಳಿಯುತ್ತಿತ್ತು. ಮೂರನೆಯದು ಕರೆಂಟ್. ಯುಪಿಎಸ್ ತೆಗೆದು ನೋಡಿದೆ, ಅರ್ಥಿಂಗ್ ನೋಡಿಸಿದೆ. ನಾಲ್ಕನೆಯದು ಡ್ರೈವರ್, ತೆಗೆದು ಹಾಕಿದೆ. ಐದನೆಯದು ಇಡೀ ಒಎಸ್, ಅದನ್ನೂ ಹೊಸದಾಗಿ ಹಾಕಿದೆ. ಹೀಗೆ ಹತ್ತು ದಿನ ಹೋಯಿತು. ನನ್ನ ರಜೆ ಮುಗಿದು, ಉಳಿದದ್ದು ಫೋನಿನಲ್ಲಿ.

ಹನ್ನೊಂದನೇ ದಿನ ಗೆಳೆಯನೇ ಒಂದು ಮಾತು ಹೇಳಿದ. "ಬಫರ್ 1024 ಇಟ್ಟರೂ ಅಷ್ಟೇ ಬರ್ತದೆ, 64 ಇಟ್ಟರೂ ಅಷ್ಟೇ ಬರ್ತದೆ ಮಾರಾಯ."

ಇದನ್ನು ಮೊದಲ ದಿನವೇ ನೋಡಬೇಕಿತ್ತು. ಕಂಪ್ಯೂಟರ್ ಸುಸ್ತಾಗಿ ಸದ್ದು ಮುರಿದರೆ, ಬಫರ್ ದೊಡ್ಡದು ಮಾಡಿದಾಗ ಅದು ಕಡಿಮೆಯಾಗಲೇಬೇಕು. ಆಗುತ್ತಿಲ್ಲ ಅಂದರೆ ತಪ್ಪು ಬೇರೆ ಕಡೆ ಇದೆ. ಅಲೆಯ ಚಿತ್ರವನ್ನು ಕೊನೆಯವರೆಗೆ ಜೂಮ್ ಮಾಡು ಅಂದೆ. ಟಿಕ್ ಇದ್ದಲ್ಲಿ ಗೆರೆ ಒಂದೇ ಒಂದು ಸ್ಯಾಂಪಲ್ಲಿನಷ್ಟು ಎಡವಿತ್ತು. ಎರಡು ಟಿಕ್‌ಗಳ ನಡುವಿನ ದೂರ ಅಳೆ ಅಂದೆ. 1.6 ಸೆಕೆಂಡ್. ಮುಂದಿನದು? 1.6. ಅದರ ಮುಂದಿನದು? ಅದೂ 1.6.

ದಣಿದ ಕಂಪ್ಯೂಟರ್ ತಾಳ ಹಿಡಿದು ಎಡವುವುದಿಲ್ಲ. ತಾಳ ಹಿಡಿದು ಎಡವುವುದು ಗಡಿಯಾರ ಮಾತ್ರ.

ಇನ್ನೊಂದು ಸುಳಿವು ಆವತ್ತಿನಿಂದ ನಮ್ಮ ಮೂಗಿನ ಕೆಳಗೇ ಇತ್ತು. ಮೇಷ್ಟ್ರ ಧ್ವನಿಯಲ್ಲಿ ಟಿಕ್ ಇರಲಿಲ್ಲ, ತಂಬೂರಿಯಲ್ಲಿ ಮಾತ್ರ ಇತ್ತು. ಧ್ವನಿಯ ಮೈಕ್ ನೇರ ಇಂಟರ್‌ಫೇಸಿಗೆ ಹೋಗಿತ್ತು. ತಂಬೂರಿಯ ಮೈಕ್ ಹೋಗಿದ್ದು ಎಂಟು ಚಾನೆಲ್ಲಿನ ಪ್ರತ್ಯೇಕ ಪ್ರೀಆಂಪಿಗೆ (ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ). ಅಲ್ಲಿಂದ ಏಡಾಟ್ ಅನ್ನುವ ಬೆಳಕಿನ ಕೇಬಲ್ಲಿನಲ್ಲಿ ಇಂಟರ್‌ಫೇಸಿಗೆ ಬರುತ್ತಿತ್ತು. ಈ ಎರಡೂ ಪೆಟ್ಟಿಗೆಯಲ್ಲಿ ಒಂದೊಂದು ಕ್ಲಾಕ್ ಇದೆ. ಎರಡೂ ಸೆಕೆಂಡಿಗೆ 48,000 ಸಲ ಎಣಿಸಬೇಕು. ಆದರೆ ಯಾವ ಎರಡು ಕ್ಲಾಕೂ ಒಂದೇ ಸಮ ಎಣಿಸುವುದಿಲ್ಲ. ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೇ ತಾಳ ಹಾಕಿದ ಹಾಗೆ, ಸ್ವಲ್ಪ ಹೊತ್ತಿಗೆ ಒಬ್ಬರು ಮುಂದೆ ಹೋಗಿರುತ್ತಾರೆ. ನಮ್ಮಲ್ಲಿ 76,800 ಎಣಿಕೆಗೆ ಒಂದು ಜಾರುತ್ತಿತ್ತು, ಹತ್ತು ಲಕ್ಷಕ್ಕೆ ಸುಮಾರು 13. ಜಾರಿದ ಆ ಒಂದು ಸ್ಯಾಂಪಲ್ಲೇ ಟಿಕ್. ಅದಕ್ಕೇ ಒಂದನ್ನು ಯಜಮಾನ ಮಾಡಿ, ಇನ್ನೊಂದು ಅದನ್ನು ಹಿಂಬಾಲಿಸುವಂತೆ ಮಾಡಬೇಕು.

ಹಳೆ ಐಮ್ಯಾಕಿನಲ್ಲಿ ಅವನು ವರ್ಷಗಳ ಹಿಂದೆ ಇದನ್ನು ಮಾಡಿ ಮರೆತಿದ್ದ. ಹೊಸದಾಗಿ ಸಾಫ್ಟ್‌ವೇರ್ ಹಾಕಿದಾಗ ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲ್ ಮೊದಲಿನ ಸ್ಥಿತಿಗೆ ಬಂದಿತ್ತು. ಕ್ಲಾಕ್ ಸೋರ್ಸ್: ಇಂಟರ್ನಲ್. ಅದನ್ನು ಏಡಾಟ್ ಮಾಡಿದ. ಹತ್ತು ಸೆಕೆಂಡಿನ ಕೆಲಸ. ಟಿಕ್ ಹೋಯಿತು.

ಅಂದರೆ ಹ್ಯಾಕಿಂಟಾಷ್‌ನ ತಪ್ಪೇ ಇರಲಿಲ್ಲ. ಲಕ್ಷಾಂತರ ಕೊಟ್ಟು ತಂದ ಮ್ಯಾಕಿನಲ್ಲೂ ಇದೇ ಟಿಕ್ ಬರುತ್ತಿತ್ತು. ಆದರೆ ಆ ಮ್ಯಾಕ್ ಇದ್ದಿದ್ದರೆ ನಾವು ಮೊದಲ ಗಂಟೆಯಲ್ಲೇ ಇಂಟರ್‌ಫೇಸ್ ಕಡೆ ತಿರುಗುತ್ತಿದ್ದೆವು. ನಾನೇ ಕಟ್ಟಿದ ಯಂತ್ರ ಆದ್ದರಿಂದ ನನ್ನ ಕಣ್ಣಿಗೆ ಎಲ್ಲ ಕಡೆ ನನ್ನ ತಪ್ಪೇ ಕಂಡಿತು. ಐವತ್ತು ಅರವತ್ತು ಸಾವಿರ ಉಳಿಸಿದ್ದು ನಿಜ. ಅದಕ್ಕೆ ಕೊಟ್ಟ ಬೆಲೆ ಈ ಅನುಮಾನ. ಪ್ಲಗಿನ್ ಹಾಳಾದರೂ, ಕೇಬಲ್ ಸಡಿಲವಾದರೂ, ಮಳೆಗೆ ಮೈಕ್ ಶೀತ ಹಿಡಿದರೂ ಮೊದಲ ಫೋನ್ ನನಗೇ.

ಆಮೇಲೆ

ಮೇಷ್ಟ್ರು ಏಪ್ರಿಲ್ ಮೊದಲ ವಾರ ಮತ್ತೆ ಬಂದರು. ಆರು ದೇವರನಾಮ ಎರಡು ದಿನದಲ್ಲಿ ಮುಗಿಯಿತು. ಬಸ್ ಚಾರ್ಜ್ ಕೊಡಲು ಹೋದರೆ ತಗೊಳ್ಳಲಿಲ್ಲ.

ಯಂತ್ರ ಎರಡು ವರ್ಷ ತಂಟೆ ಮಾಡದೆ ಓಡಿತು. ಅಪ್‌ಡೇಟ್ ಬಟನ್ ಮುಟ್ಟಬೇಡ ಅಂತ ಪರದೆಯ ಕೆಳಗೆ ಚೀಟಿ ಅಂಟಿಸಿದ್ದೆ. ಡಿಸ್ಕಿನ ಪೂರ್ತಿ ನಕಲು ಒಂದು ಹೊರಗಿನ ಎಸ್‌ಎಸ್‌ಡಿಯಲ್ಲಿ, ಇಎಫ್‌ಐ ಫೋಲ್ಡರಿನ ನಕಲು ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವ್ ದೇವರ ಕೋಣೆಯ ಡ್ರಾಯರಿನಲ್ಲಿ, ಅದು ಅವನ ಅಮ್ಮನ ಏರ್ಪಾಡು.

2023ರಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋ ಕಳಿಸಿದ ಲಾಜಿಕ್ ಪ್ರಾಜೆಕ್ಟ್ ತೆರೆಯಲಿಲ್ಲ. ಹೊಸ ಆವೃತ್ತಿಯದು. ಹೊಸ ಲಾಜಿಕ್ ಬೇಕು ಅಂದರೆ ಹೊಸ ಮ್ಯಾಕ್‌ಒಎಸ್ ಬೇಕು. ವೆಂಚುರಾಗೆ ಏರಿಸುವುದು ಅಂತ ಆಯಿತು. ಇಲ್ಲಿ ತಪ್ಪು ಪೂರ್ತಿ ನನ್ನದೇ. ಓಪನ್‌ಕೋರ್ ಹೊಸದು ಹಾಕುವಾಗ ಕಾನ್ಫಿಗ್ ಫೈಲನ್ನು ಮೊದಲಿಂದ ಬರೆದೆ, ಸೀರಿಯಲ್ ನಂಬರ್ ಕೂಡ ಹೊಸದು ಹುಟ್ಟಿಸಿದೆ. ಮ್ಯಾಕ್‌ಒಎಸ್ ಎದ್ದಿತು, ಪ್ಲಗಿನ್‌ಗಳು ಏಳಲಿಲ್ಲ. ಅವುಗಳ ಪಾಲಿಗೆ ಇದು ಯಾರದೋ ಕಂಪ್ಯೂಟರ್. ಕೆಲವು ಕಂಪನಿಗಳಿಗೆ ಮೇಲ್ ಬರೆದು ಹಳೆ ಲೈಸೆನ್ಸ್ ಬಿಡಿಸಿಕೊಳ್ಳಲು ವಾರ ಬೇಕಾಯಿತು. ಲೈಸೆನ್ಸ್ ಹಾರ್ಡ್‌ವೇರ್ ಕೀಯಲ್ಲಿ (ಯಂತ್ರಕ್ಕೆ ಚುಚ್ಚುವ ಸಣ್ಣ ಸಾಧನ) ಇದ್ದವು ಮಾತ್ರ ತಕ್ಷಣ ಓಡಿದವು. ಯಾರಾದರೂ ಈಗಲೂ ಇಂಥ ಯಂತ್ರ ಇಟ್ಟುಕೊಂಡಿದ್ದರೆ ಸೀರಿಯಲ್, ಬೋರ್ಡ್ ನಂಬರ್, ಯುಯುಐಡಿ (ಯಂತ್ರದ ಗುರುತು ಸಂಖ್ಯೆ) ಇವಿಷ್ಟನ್ನು ಕಾಗದದ ಮೇಲೆ ಬರೆದಿಡಿ.

ಹೊಸದಾಗಿ ಕಟ್ಟಬೇಕಾ ಅಂತ ಕೇಳಿದರೆ, ಬೇಡ. 2021ರಲ್ಲಿ ಲೆಕ್ಕ ಬೇರೆ ಇತ್ತು. 2025ರಲ್ಲಿ ಬಂದ ಟಾಹೋ ಇಂಟೆಲ್ ಮ್ಯಾಕುಗಳಿಗೆ ಕೊನೆಯ ಮ್ಯಾಕ್‌ಒಎಸ್ ಅಂತ ಆಪಲ್ಲೇ ಹೇಳಿದೆ. ಮುಂದಿನದು ಆಪಲ್‌ನ ಸ್ವಂತ ಚಿಪ್‌ಗೆ ಮಾತ್ರ. ಆ ಚಿಪ್ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುವುದಿಲ್ಲ. ಎಂ4 ಮ್ಯಾಕ್ ಮಿನಿಯಲ್ಲಿ ಈಗ 32 ಜಿಬಿ ರ‍್ಯಾಮ್ ಸಿಗುತ್ತದೆ, ಫ್ಯಾನ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಗೆಳೆಯ ಕಳೆದ ವರ್ಷ ಅದನ್ನೇ ತಗೊಂಡ. ಎರಡನೇ ದಿನ ಫೋನ್ ಬಂತು.

"ಮಾರಾಯ, ತಂಬೂರಿಯಲ್ಲಿ ಟಿಕ್."

"ಕ್ಲಾಕ್ ನೋಡಿದ್ಯಾ?"

ಆ ಕಡೆ ಮೌಸ್ ಕ್ಲಿಕ್ಕಿನ ಸದ್ದು. ಆಮೇಲೆ ಅವನು ಫೋನಿಟ್ಟ.

ಹಳೆ ಡಬ್ಬಿ ಈಗಲೂ ಬೀರುವಿನ ಹಿಂದೆ ಇದೆ. ಅದರಲ್ಲಿ ವಿಂಡೋಸ್ ಹಾಕಿದ್ದೇವೆ. 64 ಜಿಬಿ ತುಂಬ ವಯಲಿನ್ ಸ್ಯಾಂಪಲ್ಲುಗಳನ್ನು ಹೊತ್ತುಕೊಂಡು, ಒಂದು ನೆಟ್‌ವರ್ಕ್ ಕೇಬಲ್ಲಿನಲ್ಲಿ ಮ್ಯಾಕ್ ಮಿನಿಗೆ ಸದ್ದು ಕಳಿಸುತ್ತಾ ಕೂತಿದೆ. ಆ ಕೇಬಲ್ ಚುಚ್ಚಿರುವುದು ಆರು ಅಂಗಡಿ ತಿರುಗಿ ಹುಡುಕಿದ ಅದೇ ಐ219 ಪೋರ್ಟಿಗೆ.